ಐರಿಷ್ ಅಗಸಗಿತ್ತಿ: ಒಂದು ಪಿಟೀಲು ಮಟ್ಟಿನ ಪೂರ್ವೋತ್ತರ

ಅಡಿಕೆಯ ಕೊಳೆರೋಗಕ್ಕೂ ಪಿಟೀಲು ವಾದನಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಮೇಲ್ನೋಟಕ್ಕೆ ಏನೂ ಇಲ್ಲವೆಂದೇ ಹೇಳಬೇಕಾದೀತು. ಆದರೆ ಕೊಳೆರೋಗದ ದಾಯಾದಿ ರೋಗವೊಂದು ಸುಮಾರು 180 ವರ್ಷಗಳ ಹಿಂದೆ ಒಂದು ದೇಶದ ರೈತರನ್ನು ಹಸಿವಿನಿಂದ ಕೊಂದು, ಉಳಿದವರಲ್ಲಿ ಲಕ್ಷಾಂತರ ಮಂದಿಯನ್ನು ಕಡಲಾಚೆಗೆ ಅಟ್ಟಿತು. ಹಾಗೆ ಹೋದವರ ಗಂಟಿನಲ್ಲಿ ಬಟ್ಟೆಬರೆಗಿಂತ ಹೆಚ್ಚಾಗಿ ಇದ್ದದ್ದು ಹಾಡು ಮತ್ತು ಕುಣಿತದ ಮಟ್ಟುಗಳು. ಬೋರ್ಡೋ ಹೊಡೆಯುವ ಕೆಲಸ ಮುಗಿಸಿ, ಮಳೆ ಹಿಡಿದ ಸಂಜೆ ಜಗಲಿಯಲ್ಲಿ ಕುಳಿತ ನಮ್ಮ ಸದಸ್ಯರಿಗೆ ಅಂಥ ಒಂದು ಮಟ್ಟಿನ ಕಥೆಯನ್ನು ಹೇಳುವುದು ಈ ಲೇಖನದ ಉದ್ದೇಶ. ಐರ್ಲೆಂಡಿನ ಆ ಮಟ್ಟಿಗೆ ‘ದಿ ಐರಿಷ್ ವಾಷರ್‌ವುಮನ್’, ಅಂದರೆ ‘ಐರಿಷ್ ಅಗಸಗಿತ್ತಿ’ ಎಂದು ಹೆಸರು. ಹೆಸರು ಕೇಳದವರೂ ಮಟ್ಟನ್ನು ಎಲ್ಲಾದರೂ ಕೇಳಿರುವುದು ಸಾಧ್ಯ. ಹಳೆಯ ಇಂಗ್ಲಿಷ್ ಚಲನಚಿತ್ರಗಳಲ್ಲಿ ಐರಿಷ್ ಪಾತ್ರವೊಂದು ಕುಣಿಯತೊಡಗಿದರೆ ಹಿನ್ನೆಲೆಯಲ್ಲಿ ಈ ಮಟ್ಟು ಕೇಳಿಬರುವುದುಂಟು.

ಜಿಗ್ ಎಂದರೇನು?

ಜಿಗ್ ಎಂಬುದು ಬ್ರಿಟಿಷ್ ದ್ವೀಪಗಳ ಹಳೆಯ ಕುಣಿತ. ಆ ಕುಣಿತಕ್ಕೆ ನುಡಿಸುವ ಮಟ್ಟಿಗೂ ಅದೇ ಹೆಸರು. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪದ ಬಳಕೆಯಲ್ಲಿತ್ತು. ಷೇಕ್ಸ್‌ಪಿಯರನ ನಾಟಕಗಳಲ್ಲೂ ಬರುತ್ತದೆ. ಅದೇ ಕುಣಿತ ಯೂರೋಪ್ ಖಂಡಕ್ಕೆ ಹೋಗಿ ‘ಜೀಗ್’ ಎನಿಸಿಕೊಂಡು, ಬಾಖ್‌ನಂಥ ಮಹಾ ಸಂಗೀತಗಾರನ ಕೃತಿಮಾಲೆಗಳಲ್ಲಿ ಸ್ಥಾನ ಪಡೆಯಿತು. ಐರ್ಲೆಂಡಿನಲ್ಲಿ ಮಾತ್ರ ಅದು ಹಳ್ಳಿಯವರ ಕಾಲಿನಲ್ಲೇ ಉಳಿಯಿತು.

ಜಿಗ್‌ನ ಲೆಕ್ಕ ಸರಳ. ನಮ್ಮ ತಾಳದ ಮಾತಿನಲ್ಲಿ ಹೇಳುವುದಾದರೆ ಅದು ತಿಶ್ರ ನಡೆ. ‘ತಕಿಟ ತಕಿಟ’ ಎಂದು ಮೂರು ಮೂರರ ಎರಡು ಗುಂಪು ಸೇರಿದರೆ ಒಂದು ಆವರ್ತ. ಅಂಥ ಎಂಟು ಆವರ್ತಗಳದು ಮೊದಲ ಭಾಗ, ಮತ್ತೆ ಎಂಟರದು ಎರಡನೆಯ ಭಾಗ. ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸಿದರೆ 32 ಆವರ್ತಗಳು. ಅಲ್ಲಿಗೆ ಮಟ್ಟು ಒಂದು ಸುತ್ತು ಮುಗಿಯಿತು. ಕುಣಿಯುವವರ ಉಸಿರು ಇರುವಷ್ಟು ಹೊತ್ತು ಮತ್ತೆ ಮೊದಲಿನಿಂದ.

‘ಐರಿಷ್ ಅಗಸಗಿತ್ತಿ’ಯ ಸ್ವರಗಳು ನಮ್ಮ ಶಂಕರಾಭರಣದವು. ಮೊದಲ ಸಾಲು ಗಾಂಧಾರದಿಂದ ಷಡ್ಜಕ್ಕೂ, ಅಲ್ಲಿಂದ ಕೆಳಗಿನ ಪಂಚಮಕ್ಕೂ ಜಿಗಿದು, ಕೂಡಲೇ ಮೇಲೇರುತ್ತದೆ. ಎರಡನೆಯ ಸಾಲು ಅದೇ ಜಿಗಿತವನ್ನು ಒಂದು ಸ್ವರ ಮೇಲಕ್ಕೆ ಸರಿಸಿ ಮಾಡುತ್ತದೆ: ಮಧ್ಯಮದಿಂದ ಋಷಭಕ್ಕೆ, ಅಲ್ಲಿಂದ ಕೆಳಗಿನ ಧೈವತಕ್ಕೆ. ಇಷ್ಟೇ ಅದರ ಗುಟ್ಟು. ಒಂದೇ ಹೆಜ್ಜೆಯನ್ನು ಮೆಟ್ಟಿಲ ಮೇಲೊಂದು ಸಲ, ಕೆಳಗೊಂದು ಸಲ ಹಾಕಿದಂತೆ. ಒಮ್ಮೆ ಕೇಳಿದವನು ಮರೆಯಲಾರ. ಎರಡು ಸಲ ಕೇಳಿದರೆ ಶಿಳ್ಳೆ ಹಾಕಬಲ್ಲ.

ವಾದ್ಯದ ಬಗ್ಗೆಯೂ ಒಂದು ಮಾತು. ‘ಫಿಡ್ಲ್’ ಮತ್ತು ‘ವಯೊಲಿನ್’ ಬೇರೆಬೇರೆ ವಾದ್ಯಗಳೆಂದು ಕೆಲವರು ತಿಳಿದಿದ್ದಾರೆ. ಎರಡೂ ಒಂದೇ ಪಿಟೀಲು. ನುಡಿಸುವ ಮನೆ ಬೇರೆ, ರೀತಿ ಬೇರೆ. ಮರದ ಪಿಟೀಲು ಕೊಳ್ಳಲು ದುಡ್ಡಿಲ್ಲದ ಕಡೆ ಐರ್ಲೆಂಡಿನವರು ಸುಮ್ಮನಿರಲಿಲ್ಲ. ವಾಯವ್ಯ ಮೂಲೆಯ ಡಾನೆಗಾಲ್ ಪ್ರಾಂತದಲ್ಲಿ ಊರೂರು ಸುತ್ತುವ ತಗಡಿನ ಕೆಲಸದವರು ತಗಡಿನಿಂದಲೇ ಪಿಟೀಲು ಮಾಡುತ್ತಿದ್ದರು. ಅವರಲ್ಲೇ ದೊಡ್ಡ ವಾದಕರೂ ಹುಟ್ಟಿದರು. 1980ರಲ್ಲಿ ತೀರಿಕೊಂಡ ಜಾನ್ ಡೊಹರ್ಟಿ ಅಂಥ ತಗಡಿನ ಕೆಲಸದ ಮನೆತನದವರೇ.

ಯಾರ ಮಟ್ಟು?

ಈ ಮಟ್ಟು ಎಲ್ಲಿ ಹುಟ್ಟಿತು ಎಂಬ ಪ್ರಶ್ನೆಯ ಮೇಲೆ ವಿದ್ವಾಂಸರು ಬಹಳ ಕಾಲ ವಾದಿಸಿದ್ದಾರೆ. ಇಂಗ್ಲೆಂಡಿನಲ್ಲಿ ಜಾನ್ ಪ್ಲೇಫರ್ಡ್ ಎಂಬ ಪ್ರಕಾಶಕ 1651ರಲ್ಲಿ ‘ದಿ ಇಂಗ್ಲಿಷ್ ಡಾನ್ಸಿಂಗ್ ಮಾಸ್ಟರ್’ ಎಂಬ ಪುಸ್ತಕ ಹೊರತಂದ. ಹಳ್ಳಿಯ ಕುಣಿತಗಳನ್ನು ಕಲಿಯಬಯಸುವವರಿಗಾಗಿ ಹೆಜ್ಜೆಯ ವಿವರ ಮತ್ತು ಮಟ್ಟನ್ನು ಜೊತೆಯಾಗಿ ಕೊಟ್ಟ, 105 ಕುಣಿತಗಳ ಪುಸ್ತಕ ಅದು. ಅದರಲ್ಲಿ ‘ಡಾರ್ಗಸನ್’ ಎಂಬುದೊಂದು ಮಟ್ಟಿದೆ. ಅದು ಕೇವಲ ಎಂಟು ಆವರ್ತಗಳದು. ಕೊನೆಯ ಸ್ವರ ನಿಲುಗಡೆಗೆ ಬಾರದೆ ಮತ್ತೆ ಆರಂಭಕ್ಕೆ ಸೇರಿಕೊಳ್ಳುವುದರಿಂದ ಗಾಣದ ಎತ್ತಿನಂತೆ ಸುತ್ತುತ್ತಲೇ ಇರಬಹುದು. ಈ ‘ಡಾರ್ಗಸನ್’ಗೂ ‘ಅಗಸಗಿತ್ತಿ’ಗೂ ಮುಖಚಹರೆಯಲ್ಲಿ ಹೋಲಿಕೆ ಇರುವುದರಿಂದ, ಐರಿಷ್ ಮಟ್ಟು ಇಂಗ್ಲಿಷ್ ಮಟ್ಟಿನ ಮಗಳೆಂದು ಇಂಗ್ಲೆಂಡಿನವರು ವಾದಿಸಿದರು. 18ನೆಯ ಶತಮಾನದ ಇಂಗ್ಲಿಷ್ ಸಂಗ್ರಹಗಳಲ್ಲಿರುವ ‘ದಿ ಕಂಟ್ರಿ ಕೋರ್ಟ್‌ಶಿಪ್’ ಎಂಬ ಇನ್ನೊಂದು ಮಟ್ಟನ್ನೂ ಸಾಕ್ಷಿಗೆ ಕರೆದರು. ‘ಐರಿಷ್ ಅಗಸಗಿತ್ತಿ’ ಎಂಬ ಹೆಸರೇ ಮುದ್ರಣದಲ್ಲಿ ಕಾಣಿಸಿಕೊಳ್ಳುವುದು 18ನೆಯ ಶತಮಾನದ ಕೊನೆಯ ಭಾಗದಲ್ಲಿ.

ಐರಿಷರು ಇದನ್ನು ಒಪ್ಪಲಿಲ್ಲ. ಅವರ ವಾದದಲ್ಲೂ ಹುರುಳಿದೆ. ಪುಸ್ತಕದಲ್ಲಿ ಮೊದಲು ಅಚ್ಚಾದ ಊರೇ ಮಟ್ಟು ಹುಟ್ಟಿದ ಊರು ಎನ್ನುವುದಾದರೆ, ಅಚ್ಚುಕೂಟವಿಲ್ಲದ ಊರಿನಲ್ಲಿ ಏನೂ ಹುಟ್ಟುವುದೇ ಇಲ್ಲವೆಂದಾಯಿತು. 17ನೆಯ ಶತಮಾನದಲ್ಲಿ ಲಂಡನ್ನಿನಲ್ಲಿ ಮುದ್ರಕನಿದ್ದ. ಐರ್ಲೆಂಡಿನ ಹಳ್ಳಿಯ ಪಿಟೀಲುಗಾರನಿಗೆ ಸ್ವರಲಿಪಿಯೇ ಬೇಕಿರಲಿಲ್ಲ. ಸೈನಿಕರು, ಸುಗ್ಗಿಯ ಕೂಲಿಗಳು, ನಾವಿಕರು ಎರಡೂ ದ್ವೀಪಗಳ ನಡುವೆ ಸದಾ ಓಡಾಡುತ್ತಿದ್ದರು. ಮಟ್ಟುಗಳೂ ಅವರೊಂದಿಗೆ ಓಡಾಡಿದವು. ಈಗ ತಿಳಿದವರು ಒಂದೇ ಒಂದು ತಾಯಿಬೇರನ್ನು ಹುಡುಕುವುದಕ್ಕಿಂತ ಮಟ್ಟುಗಳ ಒಂದು ಕುಟುಂಬವನ್ನೇ ಗುರುತಿಸುವುದು ಮೇಲೆನ್ನುತ್ತಾರೆ. ಒಂದೇ ಬೀಜದ ಅಡಿಕೆ ಸಸಿಗಳು ಬೇರೆಬೇರೆ ತೋಟದ ಮಣ್ಣಿನಲ್ಲಿ ಬೇರೆಬೇರೆಯಾಗಿ ಬೆಳೆದಂತೆ.

ಇನ್ನು ಅಗಸಗಿತ್ತಿ ಯಾರು? ಯಾರೂ ಇಲ್ಲ. ಐರಿಷ್ ಕುಣಿತದ ಮಟ್ಟುಗಳ ಹೆಸರಿಗೂ ಒಳಗಿನ ಸಂಗೀತಕ್ಕೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ಹೆಸರು ಎಂಬುದು ಅಂಗಿ ನೇತುಹಾಕುವ ಗೂಟ. ಒಂದೇ ಮಟ್ಟಿಗೆ ಐದಾರು ಹೆಸರು, ಒಂದೇ ಹೆಸರಿಗೆ ಎರಡು ಮೂರು ಮಟ್ಟು ಇರುವುದು ಅಲ್ಲಿ ಮಾಮೂಲು. ಪಹಣಿಯಲ್ಲಿ ಹೆಸರಿಲ್ಲದ ಆಸ್ತಿ ಇದು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ನಮ್ಮ ಸದಸ್ಯರಲ್ಲಿ ಕೆಲವರಿಗೆ ಹಿತವಾಗಲಾರದು; ಸಂಗೀತದ ಮಟ್ಟಿಗಂತೂ ಅದನ್ನು ಒಪ್ಪಿಕೊಳ್ಳಲೇಬೇಕು.

ಕುಣಿತದ ಮೇಷ್ಟ್ರುಗಳು

ಉಳುಮೆ ಮಾಡಿದವರು ಯಾರು ಎನ್ನುವುದಕ್ಕೆ ಕೃಷಿಕರಿಗೆ ಪ್ರಿಯವಾಗಬಹುದಾದ ಒಬ್ಬ ಸಾಕ್ಷಿ ಇದ್ದಾನೆ. ಇಂಗ್ಲೆಂಡಿನ ಕೃಷಿ ಲೇಖಕ ಆರ್ಥರ್ ಯಂಗ್ 1776ರಿಂದ ಐರ್ಲೆಂಡಿನಲ್ಲಿ ಸಂಚರಿಸಿ, ಗೇಣಿ, ಗೊಬ್ಬರ, ಬೆಳೆ, ಕೂಲಿ ಇವುಗಳ ವಿವರಗಳನ್ನೆಲ್ಲ ಬರೆದು 1780ರಲ್ಲಿ ಪ್ರಕಟಿಸಿದ. ಆ ಲೆಕ್ಕಪತ್ರಗಳ ನಡುವೆ ಅವನು ಇನ್ನೊಂದು ಸಂಗತಿಯನ್ನೂ ಗುರುತಿಸಿದ್ದಾನೆ. ಬಡವರಲ್ಲಿ ಕುಣಿತ ಕಲಿಯದವರಿಲ್ಲ. ಅವರದೇ ವರ್ಗದ ಕುಣಿತದ ಮೇಷ್ಟ್ರುಗಳು ಗುಡಿಸಲಿಂದ ಗುಡಿಸಲಿಗೆ ತಿರುಗುತ್ತಾರೆ. ಜೊತೆಗೊಬ್ಬ ಪೈಪ್ ಊದುವವನೋ ಕುರುಡ ಪಿಟೀಲುಗಾರನೋ ಇರುತ್ತಾನೆ. ಫೀಸು ಮೂರು ತಿಂಗಳಿಗೆ ಆರು ಪೆನ್ನಿ. ಆಲೂಗಡ್ಡೆ ಬಿಟ್ಟರೆ ಬೇರೆ ಊಟವಿಲ್ಲದ ಜನ ಆರು ಪೆನ್ನಿ ಕೊಟ್ಟು ಕುಣಿತ ಕಲಿಯುತ್ತಿದ್ದರು ಎಂಬುದು ಗಮನಿಸಬೇಕಾದ ಮಾತು.

ಎಡಗಾಲು ಬಲಗಾಲು ಎಂದರೆ ತಿಳಿಯದ ಹಳ್ಳಿ ಹುಡುಗರಿಗೆ ಮೇಷ್ಟ್ರು ಒಂದು ಕಾಲಿಗೆ ಹುಲ್ಲಿನ ಹಗ್ಗವನ್ನೂ ಇನ್ನೊಂದಕ್ಕೆ ಬಳ್ಳಿಯ ತುಂಡನ್ನೂ ಕಟ್ಟಿ, ‘ಹುಲ್ಲು ಎತ್ತು, ಬಳ್ಳಿ ಇಡು’ ಎಂಬ ಧಾಟಿಯಲ್ಲಿ ಕಲಿಸುತ್ತಿದ್ದರೆಂದು ಅಲ್ಲಿಯ ಜನ ಹೇಳುತ್ತಾರೆ. ಇಂಥ ಪಾಠಗಳಿಗೆ ಜಿಗ್ ಮಟ್ಟುಗಳು ಮುಖ್ಯ ಸಾಮಗ್ರಿ. ಹೀಗೆ ಹಳ್ಳಿಹಳ್ಳಿಗೂ ಮಟ್ಟುಗಳು ಮುಟ್ಟಿದವು.

ಆಲೂಗಡ್ಡೆ ಕೊಳೆತ ವರ್ಷ

1845ರ ಸೆಪ್ಟೆಂಬರ್ ತಿಂಗಳಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳು ಕಪ್ಪಾಗತೊಡಗಿದವು. ಅಗೆದು ತೆಗೆದ ಗಡ್ಡೆ ರಾಶಿಯಲ್ಲೇ ಕೊಳೆತು ನಾರುತ್ತಿತ್ತು. ರೋಗಕ್ಕೆ ಕಾರಣವಾದ ಜೀವಿಗೆ ಜರ್ಮನಿಯ ವಿಜ್ಞಾನಿ ಡಿ ಬಾರಿ 1876ರಲ್ಲಿ ‘ಫೈಟಾಫ್ತೊರಾ’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ‘ಸಸ್ಯನಾಶಕ’ ಎಂದು ಅರ್ಥ. ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವುದೂ ಇದೇ ಫೈಟಾಫ್ತೊರಾ ಕುಲದ ಜೀವಿ. ತಂಪು ಹವೆ, ಬಿಡದ ಮಳೆ, ತೊಟ್ಟಿಕ್ಕುವ ಎಲೆ: ಎರಡಕ್ಕೂ ಬೇಕಾದ ವಾತಾವರಣ ಒಂದೇ.

ನಮಗೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವಿದೆ. ಫ್ರಾನ್ಸಿನಲ್ಲಿ ಮಿಲ್ಲಾರ್ಡೆ ಅದನ್ನು ಲೋಕಕ್ಕೆ ತಿಳಿಸಿದ್ದು 1885ರಲ್ಲಿ. ಮೈಸೂರು ಸಂಸ್ಥಾನದಲ್ಲಿ ಡಾ. ಲೆಸ್ಲಿ ಕೋಲ್ಮನ್ ಕೊಳೆರೋಗದ ಮೇಲೆ ಕೆಲಸ ಮಾಡಿ, 1910ರಲ್ಲಿ ವರದಿ ಪ್ರಕಟಿಸಿ, ನಮ್ಮ ಹಿರಿಯರಿಗೆ ಅದನ್ನು ಸಿಂಪಡಿಸಲು ಹೇಳಿಕೊಟ್ಟರು. ಐರ್ಲೆಂಡಿನ ರೈತನಿಗೆ ಅದು 40 ವರ್ಷ ತಡವಾಯಿತು. ರೋಗ ಒಂದು ಕಾರಣವಾದರೆ, ಜನರನ್ನು ಒಂದೇ ಬೆಳೆಗೆ ಅಂಟಿಸಿದ ಗೇಣಿ ಪದ್ಧತಿ ಮತ್ತು ಹಸಿವಿನ ನಡುವೆಯೂ ಧಾನ್ಯ ಹೊರದೇಶಕ್ಕೆ ಹೋಗಲು ಬಿಟ್ಟ ಆಡಳಿತ ಇನ್ನೊಂದು ಕಾರಣ. ಸುಮಾರು 10 ಲಕ್ಷ ಜನ ಸತ್ತರು. 10 ಲಕ್ಷಕ್ಕೂ ಮೀರಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ ಸುಮಾರು 82 ಲಕ್ಷವಿದ್ದ ಜನಸಂಖ್ಯೆ 1851ರಲ್ಲಿ ಸುಮಾರು 65 ಲಕ್ಷಕ್ಕೆ ಇಳಿಯಿತು.

ಸತ್ತವರಲ್ಲಿ ಕುಣಿತದ ಮೇಷ್ಟ್ರುಗಳೂ ಇದ್ದರು, ಕುರುಡ ಪಿಟೀಲುಗಾರರೂ ಇದ್ದರು. ಮಟ್ಟುಗಳ ಸಂಗ್ರಾಹಕ ಜಾರ್ಜ್ ಪೆಟ್ರಿ 1855ರಲ್ಲಿ ತನ್ನ ಸಂಪುಟವನ್ನು ಪ್ರಕಟಿಸಿದಾಗ, ಹಾಡುತ್ತಿದ್ದ ನಾಡು ಮೌನವಾಗಿಬಿಟ್ಟಿತೆಂದು ಮುನ್ನುಡಿಯಲ್ಲಿ ಕೊರಗಿದ. ಒಬ್ಬ ವಾದಕ ಸತ್ತರೆ ಒಬ್ಬ ಮನುಷ್ಯ ಮಾತ್ರ ಸತ್ತಂತಲ್ಲ. ಬರೆದಿಡದ ಮಟ್ಟುಗಳು ಎಷ್ಟಿದ್ದವೋ ಅಷ್ಟೂ ಅವನೊಡನೆ ಮಣ್ಣಾದವು.

ಶಿಕಾಗೋ ಪೊಲೀಸ್ ಮುಖ್ಯಸ್ಥ

ಆ ದುರ್ಭಿಕ್ಷದ ನಡುವೆ, 1848ರಲ್ಲಿ, ಕಾರ್ಕ್ ಪ್ರಾಂತದ ಬ್ಯಾಂಟ್ರಿ ಬಳಿಯ ಟ್ರಾಲಿಬೇನ್ ಎಂಬ ಹಳ್ಳಿಯಲ್ಲಿ ಫ್ರಾನ್ಸಿಸ್ ಓನೀಲ್ ಹುಟ್ಟಿದ. ಬಾಲ್ಯದಲ್ಲೇ ಕೊಳಲು ಕಲಿತ. ಹದಿನಾರರ ವಯಸ್ಸಿನಲ್ಲಿ ಮನೆ ಬಿಟ್ಟು ಹಡಗು ಸೇರಿದ. ಶಾಂತಸಾಗರದಲ್ಲಿ ಹಡಗು ಒಡೆದು ಒಂದು ದ್ವೀಪದಲ್ಲಿ ಸಿಕ್ಕಿಬಿದ್ದ. ಎತ್ತಿಕೊಳ್ಳಲು ಬಂದ ಹಡಗಿನಲ್ಲಿ ಊಟಕ್ಕೆ ತತ್ವಾರ. ಅದರ ಹವಾಯಿ ಕಡೆಯ ನಾವಿಕರಲ್ಲೊಬ್ಬ ಕೊಳಲು ನುಡಿಸುವವನಿದ್ದ. ಓನೀಲ್ ಅವನ ಕೊಳಲನ್ನು ತೆಗೆದುಕೊಂಡು ಐರಿಷ್ ಮಟ್ಟುಗಳನ್ನು ನುಡಿಸಿದ. ಆತ ಸಂತೋಷಗೊಂಡು ತನ್ನ ಪಾಲಿನ ಊಟವನ್ನು ಹಂಚಿಕೊಂಡ. ಮಟ್ಟು ಹೊಟ್ಟೆ ತುಂಬಿಸಿದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಕೊನೆಗೆ ಶಿಕಾಗೋ ನಗರಕ್ಕೆ ಬಂದು 1873ರಲ್ಲಿ ಪೊಲೀಸ್ ಪಡೆಗೆ ಸೇರಿದ. ಸೇರಿದ ತಿಂಗಳಲ್ಲೇ ಕಳ್ಳನೊಬ್ಬನ ಗುಂಡು ತಗುಲಿತು. ಆ ಗುಂಡು ಜೀವನಪರ್ಯಂತ ಅವನ ಬೆನ್ನಿನಲ್ಲೇ ಇತ್ತು. ಮೆಟ್ಟಿಲು ಮೆಟ್ಟಿಲಾಗಿ ಏರಿ 1901ರಿಂದ 1905ರವರೆಗೆ ಆ ಮಹಾನಗರದ ಪೊಲೀಸ್ ಮುಖ್ಯಸ್ಥನಾದ.

ಶಿಕಾಗೋದಲ್ಲಿ ಐರ್ಲೆಂಡಿನ ಎಲ್ಲ ಪ್ರಾಂತಗಳಿಂದ ಬಂದ ಕೂಲಿಗಳು, ಕಮ್ಮಾರರು, ಪೊಲೀಸರು ಸೇರಿದ್ದರು. ತಾಯ್ನಾಡಿನಲ್ಲಿ ಬೆಟ್ಟದ ಆಚೆಯವರ ಮಟ್ಟನ್ನು ಕೇಳದಿದ್ದವರು ಇಲ್ಲಿ ಒಂದೇ ಬೀದಿಯಲ್ಲಿದ್ದರು. ಓನೀಲ್ ಬಿಡುವಾದಾಗಲೆಲ್ಲ ಅವರನ್ನು ಕರೆಸಿ ನುಡಿಸುವಂತೆ ಹೇಳಿದ. ಒಳ್ಳೆಯ ವಾದಕನಾದರೆ ಪೊಲೀಸ್ ಕೆಲಸ ಸುಲಭವಾಗಿ ಸಿಗುತ್ತದೆಂದು ಊರವರು ತಮಾಷೆ ಮಾಡುತ್ತಿದ್ದರು. ಕೇಳಿದ ಮಟ್ಟನ್ನು ನೆನಪಿನಲ್ಲಿಡುವ ಶಕ್ತಿ ಅವನಿಗಿತ್ತು. ಸ್ವರಲಿಪಿಯಲ್ಲಿ ಬರೆಯುವ ಕೌಶಲ ಅಷ್ಟಿರಲಿಲ್ಲ. ಅದಕ್ಕೆ ಸಿಕ್ಕವನು ಅದೇ ಪಡೆಯ ಸಾರ್ಜೆಂಟ್ ಜೇಮ್ಸ್ ಓನೀಲ್. ಹೆಸರು ಒಂದೇ ಆದರೂ ನೆಂಟನಲ್ಲ; ಪಿಟೀಲುಗಾರ. ಒಬ್ಬ ನುಡಿಸಿ ತೋರಿಸುವುದು, ಇನ್ನೊಬ್ಬ ಬರೆಯುವುದು. ಮೇಣದ ಉರುಳೆಯ ಧ್ವನಿಯಂತ್ರವನ್ನೂ ಬಳಸಿಕೊಂಡರು.

1903ರಲ್ಲಿ 1,850 ಮಟ್ಟುಗಳ ‘ಮ್ಯೂಸಿಕ್ ಆಫ್ ಐರ್ಲೆಂಡ್’ ಹೊರಬಂತು. 1907ರಲ್ಲಿ ಕುಣಿತಕ್ಕೆಂದೇ ಆರಿಸಿದ 1,001 ಮಟ್ಟುಗಳ ‘ದಿ ಡಾನ್ಸ್ ಮ್ಯೂಸಿಕ್ ಆಫ್ ಐರ್ಲೆಂಡ್’ ಬಂತು. ಐರಿಷ್ ವಾದಕರು ಅದನ್ನು ಬರೇ ‘ದಿ ಬುಕ್’ ಎಂದು ಕರೆಯುವಷ್ಟು ಅದು ಮನೆಮಾತಾಯಿತು. ತಾಯ್ನಾಡಿನಲ್ಲಿ ಮರೆತುಹೋಗುತ್ತಿದ್ದ ಮಟ್ಟುಗಳು ಅಮೆರಿಕದಿಂದ ಹಡಗು ಹತ್ತಿ ಹಿಂದಿರುಗಿದವು. ಓನೀಲ್ ತನ್ನ ಗ್ರಂಥಸಂಗ್ರಹವನ್ನು 1931ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯಕ್ಕೆ ಕೊಟ್ಟು, 1936ರಲ್ಲಿ ತೀರಿಕೊಂಡ.

ಲಾಭ ಮತ್ತು ನಷ್ಟ

ಲೆಕ್ಕ ಬರೆಯುವವನು ಎರಡೂ ಕಲಮುಗಳನ್ನು ತುಂಬಬೇಕು. ಅಚ್ಚಾದ ಮಟ್ಟು ಉಳಿಯುತ್ತದೆ, ಆದರೆ ಗಟ್ಟಿಯಾಗಿಬಿಡುತ್ತದೆ. ಪುಸ್ತಕದಲ್ಲಿರುವುದೇ ‘ಸರಿ’, ನಮ್ಮಜ್ಜ ನುಡಿಸುತ್ತಿದ್ದುದು ‘ತಪ್ಪು’ ಎಂಬ ಭಾವನೆ ಬರುತ್ತದೆ. ಧ್ವನಿಮುದ್ರಣ ಬಂದ ಮೇಲೆ ಇದು ಇನ್ನೂ ಹೆಚ್ಚಾಯಿತು. ಸ್ಲೈಗೋ ಪ್ರಾಂತದ ಮೈಕೆಲ್ ಕೋಲ್ಮನ್ ಎಂಬ ಅಪ್ರತಿಮ ಪಿಟೀಲುಗಾರ 1920ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ನುಡಿಸಿದ ತಟ್ಟೆಗಳು ಐರ್ಲೆಂಡಿಗೆ ಬಂದಾಗ, ಬೇರೆ ಪ್ರಾಂತಗಳ ಹುಡುಗರೂ ತಮ್ಮ ಊರಿನ ಬಿಲ್ಲಿನ ರೀತಿ ಬಿಟ್ಟು ಅವನದನ್ನೇ ಅನುಕರಿಸತೊಡಗಿದರು.

ಸರ್ಕಾರದಿಂದಲೂ ಒಂದು ಏಟು ಬಿತ್ತು. 1935ರ ಸಾರ್ವಜನಿಕ ನೃತ್ಯಶಾಲೆಗಳ ಕಾಯಿದೆ ಲೈಸೆನ್ಸ್ ಇಲ್ಲದ ಕುಣಿತಗಳನ್ನು ನಿಷೇಧಿಸಿತು. ಮನೆಯ ಅಡಿಗೆಕೋಣೆಯಲ್ಲಿ, ಊರ ಕವಲುದಾರಿಯಲ್ಲಿ ನಡೆಯುತ್ತಿದ್ದ ಕುಣಿತಗಳ ಮೇಲೂ ಅದನ್ನು ಪ್ರಯೋಗಿಸಿದ್ದರಿಂದ ಎಷ್ಟೋ ಮನೆಗಳಲ್ಲಿ ಪಿಟೀಲು ಅಟ್ಟ ಸೇರಿತು. 1951ರಲ್ಲಿ ವಾದಕರೇ ಒಟ್ಟುಗೂಡಿ ಮಲಿಂಗಾರ್ ಪಟ್ಟಣದಲ್ಲಿ ‘ಕೋಲ್ಟಸ್’ ಎಂಬ ಸಂಘ ಕಟ್ಟಿದ ಮೇಲೆ ಊರೂರಲ್ಲಿ ಶಾಖೆ, ಪಾಠ, ವರ್ಷಕ್ಕೊಂದು ಜಾತ್ರೆ ಎಂದು ಸಂಗೀತ ಮತ್ತೆ ತಲೆಯೆತ್ತಿತು. ಒಬ್ಬೊಬ್ಬರಿಂದ ಆಗದ್ದು ಸಂಘದಿಂದ ಆಯಿತೆಂಬುದನ್ನು ನಮ್ಮ ಸದಸ್ಯರಿಗೆ ಬಿಡಿಸಿ ಹೇಳಬೇಕಿಲ್ಲ.

ಈ ನಡುವೆ ‘ಅಗಸಗಿತ್ತಿ’ ದೊಡ್ಡ ಸಭೆಗಳಿಗೂ ಹೋದಳು. ಇಂಗ್ಲೆಂಡಿನ ಗುಸ್ತಾವ್ ಹೋಲ್ಸ್ಟ್ 1911ರಲ್ಲಿ ಮಿಲಿಟರಿ ಬ್ಯಾಂಡಿಗೆ ಬರೆದ ಕೃತಿಯ ಕೊನೆಗೆ ಅವಳ ಹಿರಿಯ ನೆಂಟ ‘ಡಾರ್ಗಸನ್’ ಮಟ್ಟನ್ನು ಸುತ್ತಿ ಸುತ್ತಿ ನುಡಿಸಿದ. ಅಮೆರಿಕದ ಲೆರಾಯ್ ಆಂಡರ್ಸನ್ 1947ರ ‘ಐರಿಷ್ ಸೂಟ್’ನ ಮೊದಲಿಗೇ ಅವಳನ್ನು ಕರೆತಂದ. ಅಷ್ಟು ಪ್ರಸಿದ್ಧಿಯಾದ್ದರಿಂದಲೇ ಇಂದು ಐರ್ಲೆಂಡಿನ ನುರಿತ ವಾದಕರು ಅವಳನ್ನು ಅಪರೂಪಕ್ಕೆ ಮಾತ್ರ ನುಡಿಸುತ್ತಾರೆ. ಅತಿ ಪರಿಚಯದಿಂದ ಅವಜ್ಞೆ ಎಂಬ ಮಾತು ಮಟ್ಟುಗಳಿಗೂ ಸಲ್ಲುತ್ತದೆ.

ನಮ್ಮ ಕಡೆಗೆ

ಕಾರ್ಕ್ ಪ್ರಾಂತದ ಸಂಗೀತ ನಮ್ಮ ದಕ್ಷಿಣಕ್ಕೂ ಬಂದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಮುತ್ತುಸ್ವಾಮಿ ದೀಕ್ಷಿತರೂ ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರೂ ಮದರಾಸಿನ ಕೋಟೆಯಲ್ಲಿ ಕಂಪನಿಯ ಬ್ಯಾಂಡ್ ಕೇಳುತ್ತಿದ್ದರು. ಬಾಲುಸ್ವಾಮಿ ಅಲ್ಲಿ ಯೂರೋಪಿಯನ್ ವಾದಕನಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ಅಳವಡಿಸಿದರು. ಮುಂದೆ ನಮ್ಮ ತಿರುಮಕೂಡಲಿನ ಚೌಡಯ್ಯನವರು ಏಳು ತಂತಿ ಬಿಗಿದು ಮೆರೆಸಿದ್ದು ಅದೇ ವಾದ್ಯವನ್ನು. ಮುತ್ತುಸ್ವಾಮಿ ದೀಕ್ಷಿತರು ತಾವು ಕೇಳಿದ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ರಚಿಸಿ ‘ನೊಟ್ಟುಸ್ವರ’ಗಳನ್ನು ಮಾಡಿದರು. ಅವುಗಳಲ್ಲಿ ‘ವಂದೇ ಮೀನಾಕ್ಷಿ’ಯ ಧಾಟಿ ‘ದಿ ರೇಕ್ಸ್ ಆಫ್ ಮ್ಯಾಲೋ’ ಎಂಬ ಐರಿಷ್ ಮಟ್ಟು. ಜಿಗ್ ಅಲ್ಲ, ಎರಡರ ನಡೆಯದು. ಮ್ಯಾಲೋ ಊರು ಇರುವುದು ಓನೀಲ್ ಹುಟ್ಟಿದ ಕಾರ್ಕ್ ಪ್ರಾಂತದಲ್ಲೇ. ಅಲ್ಲಿ ಪಡ್ಡೆ ಹುಡುಗರ ಮೋಜಿನ ಮಟ್ಟಾಗಿದ್ದದ್ದು ಇಲ್ಲಿ ದೇವಿಯ ಸ್ತುತಿಯಾಯಿತು.

ಇನ್ನೊಂದು ಹೋಲಿಕೆ ಇನ್ನೂ ಹತ್ತಿರದ್ದು. ಕೊಡಗಿನ ನಡಿಕೇರಿಯಂಡ ಚಿಣ್ಣಪ್ಪನವರು (1875–1931) ಕೂಡ ಪೊಲೀಸ್ ಅಧಿಕಾರಿಯಾಗಿದ್ದವರು. ಅವರು ಹಿರಿಯರ ಬಾಯಲ್ಲಿದ್ದ ಕೊಡವ ಹಾಡು, ಗಾದೆ, ಪದ್ಧತಿಗಳನ್ನು ಸಂಗ್ರಹಿಸಿ, ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ, 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. ಶಿಕಾಗೋದ ಓನೀಲ್‌ಗೂ ಕೊಡಗಿನ ಚಿಣ್ಣಪ್ಪನವರಿಗೂ ಸಂಗ್ರಹ ಕೆಲಸ ಸಂಬಳದ ಕೆಲಸವಾಗಿರಲಿಲ್ಲ. ಇಬ್ಬರೂ ಡ್ಯೂಟಿ ಮುಗಿಸಿ ಕಿವಿಗೊಟ್ಟವರು. 2003ರಲ್ಲಿ ಚಿಣ್ಣಪ್ಪನವರ ಮೊಮ್ಮಕ್ಕಳು ಗ್ರಂಥದ ಇಂಗ್ಲಿಷ್ ಅನುವಾದ ಪ್ರಕಟಿಸಿದರು.

‘ಪಟ್ಟೋಲೆ ಪಳಮೆ’ ಮುಖ್ಯವಾಗಿ ಪದಗಳನ್ನು ಉಳಿಸಿತು. ಮಟ್ಟುಗಳು ಇನ್ನೂ ವಾಲಗದವರ ಉಸಿರಿನಲ್ಲಿ, ದುಡಿ ಬಾರಿಸುವವರ ಬೆರಳಿನಲ್ಲಿ ಇವೆ. ಮದುವೆಗೊಂದು, ಹಬ್ಬಕ್ಕೊಂದು, ಸಾವಿಗೊಂದು ಎಂದು ಸಂದರ್ಭ ಕಂಡು ನುಡಿಸುವವರು ಊರಿಂದೂರಿಗೆ ಕಡಿಮೆಯಾಗುತ್ತಿರುವುದನ್ನು ನಾವೆಲ್ಲ ನೋಡುತ್ತಿದ್ದೇವೆ. ಅವರ ಮಕ್ಕಳು ಬೇರೆ ಕೆಲಸ ಹಿಡಿದರೆ ತಪ್ಪೆನ್ನಲು ನಮಗೆ ಹಕ್ಕಿಲ್ಲ. ಮಟ್ಟಿನ ಲೆಕ್ಕ ಇಡುವುದು ಮಾತ್ರ ನಮ್ಮ ಕೈಲಾಗುವ ಕೆಲಸ. ಓನೀಲ್‌ಗೆ ಮೇಣದ ಉರುಳೆ ಬೇಕಾಗಿತ್ತು. ನಮ್ಮ ಜೇಬಿನಲ್ಲಿ ಮೊಬೈಲ್ ಇದೆ.

ಆದ್ದರಿಂದ ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ಮದುವೆಗೋ ಹುತ್ತರಿಗೋ ನಿಮ್ಮ ಮನೆಗೆ ವಾಲಗದವರು ಬಂದಾಗ, ಅವರಿಗೆ ಕೊಡುವ ಸಂಭಾವನೆ, ಊಟ, ಮರ್ಯಾದೆಗಳ ಜೊತೆಗೆ ಅವರ ಒಪ್ಪಿಗೆ ಪಡೆದು ಒಂದು ಮಟ್ಟನ್ನು ಪೂರ್ತಿಯಾಗಿ ಮುದ್ರಿಸಿಕೊಳ್ಳಿ. ಮಟ್ಟಿನ ಹೆಸರೇನು, ಯಾವಾಗ ನುಡಿಸುತ್ತಾರೆ, ಯಾರಿಂದ ಕಲಿತರು ಎಂದು ಕೇಳಿ, ನುಡಿಸಿದವರ ಹೆಸರು, ಊರು, ದಿನಾಂಕ ಬರೆದಿಡಿ. ಪಕ್ಕದ ಊರಿನವರು ಅದನ್ನೇ ಬೇರೆ ರೀತಿ ನುಡಿಸಿದರೆ ಅದನ್ನೂ ಬರೆದಿಡಿ. ಯಾವುದು ಸರಿ ಎಂದು ತೀರ್ಪು ಕೊಡುವುದು ಬೇಡ. ಮಹಾಸಭೆಗೆ ಬರುವಾಗ ಪ್ರತಿಯೊಂದನ್ನು ಕಚೇರಿಗೆ ತಂದುಕೊಟ್ಟರೆ, ಮೆಣಸು ಮತ್ತು ಕಾಫಿ ದಾಸ್ತಾನಿನ ರಿಜಿಸ್ಟರುಗಳ ಪಕ್ಕದಲ್ಲಿ ಅದಕ್ಕೂ ಒಂದು ರಿಜಿಸ್ಟರ್ ತೆರೆಯಲಾಗುವುದು.

— ಕಾರ್ಯದರ್ಶಿ